ಬ್ಲ್ಯಾಂಕ್ ಎಲ್ಲಿ?

ನಮಸ್ಕಾರ.

ನಿಮ್ಮ ‘ಕಲ್ಲೆಣ್ಣೆಯಲ್ಲಿ ಬ್ಯಾಕ್ಟೀರಿಯಾ’ ಲೇಖನ ತಲುಪಿತು. ಬರವಣಿಗೆ ಸರಾಗವಾಗಿದೆ. ಹೋಪೇನ್ ಎಂಬ ಹೆಸರು ಹೋಪಿಯಾ ಮರದಿಂದ ಬಂತು, ಆ ಕುಲದ ಮರಗಳು ನಮ್ಮ ಘಟ್ಟದಲ್ಲೂ ಇವೆ ಎಂದು ಶುರು ಮಾಡಿದ್ದು ಚೆನ್ನಾಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮಾತ್ರ ನನಗೆ ಸಿಟ್ಟು ಬಂತು.

‘ಹೋಪೇನ್ ಎಂಬ ಪ್ರಾಚೀನ ಬ್ಯಾಕ್ಟೀರಿಯಾ ಕಚ್ಚಾ ತೈಲದಲ್ಲಿ ಅಡಗಿ ಕುಳಿತಿದೆ’ ಎಂದು ಬರೆದಿದ್ದೀರಿ. ಇಲ್ಲ ಸ್ವಾಮಿ, ಹೋಪೇನ್ ಬ್ಯಾಕ್ಟೀರಿಯಾ ಅಲ್ಲ, ಬ್ಯಾಕ್ಟೀರಿಯಾ ಬಿಟ್ಟುಹೋದ ಅಣು. ನಮ್ಮ ಜೀವಕೋಶದ ಪೊರೆಗೆ ಕೊಲೆಸ್ಟರಾಲ್ ಹೇಗೋ, ಹಲವು ಬ್ಯಾಕ್ಟೀರಿಯಾಗಳ ಪೊರೆಗೆ ಹೋಪನಾಯ್ಡ್ ಹಾಗೆ. ಕೋಶ ಸತ್ತು ಕೆಸರಿನಲ್ಲಿ ಹೂತ ಮೇಲೆ ಆಮ್ಲಜನಕದ ಗುಂಪುಗಳೆಲ್ಲ ಕಳಚಿ, ಐದು ಉಂಗುರಗಳ ಇಂಗಾಲದ ಚೌಕಟ್ಟು ಉಳಿಯುತ್ತದೆ. ಸ್ಟ್ರಾಸ್‌ಬರ್ಗ್‌ನ ರಸಾಯನಶಾಸ್ತ್ರಜ್ಞರಾದ ಗೀ ಊರಿಸ್ಸೋ, ಪಿಯರ್ ಆಲ್ಬ್ರೆಕ್ಟ್ ತಂಡ ಬೆನ್ನು ಹತ್ತಿದ್ದು ಈ ಚೌಕಟ್ಟನ್ನೇ.

ಮುಂದಿನ ಸಾಲು ಇನ್ನೂ ಕೆಟ್ಟದ್ದು: ‘ಆಸ್ಟ್ರೇಲಿಯಾದ 270 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ 2-ಮೀಥೈಲ್ ಹೋಪೇನ್ ಪತ್ತೆಯಾಗಿದ್ದು, ಆಗಲೇ ಸಯನೋಬ್ಯಾಕ್ಟೀರಿಯಾ ಇದ್ದವೆಂದು ಸಾಬೀತಾಗಿದೆ.’ ‘ಪತ್ತೆಯಾಗಿದ್ದು’ ಸರಿ, ಹೋಪೇನ್‌ಗೆ ಇನ್ನೊಂದು ಇಂಗಾಲ ಅಂಟಿದ ಈ ಅಣು ಸಿಕ್ಕಿತೆಂದು 1999ರಲ್ಲಿ ಪ್ರಕಟವಾಗಿತ್ತು. ‘ಸಯನೋಬ್ಯಾಕ್ಟೀರಿಯಾ’ ಎಂಬಲ್ಲಿ ಕಾಲು ಜಾರಿದೆ: ಅವು ಬಿಸಿಲಿನಿಂದ ಆಹಾರ ಮಾಡಿಕೊಂಡು ಆಮ್ಲಜನಕ ಬಿಡುವ ಬ್ಯಾಕ್ಟೀರಿಯಾ, ಆದರೆ ಆಮ್ಲಜನಕವನ್ನೇ ಬಿಡದ ರೋಡೋಸ್ಯುಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಕೂಡ ಆ ಅಣುವನ್ನು ತಯಾರಿಸುತ್ತದೆ ಎಂದು 2007ರಲ್ಲಿ ಗೊತ್ತಾಯಿತು. ‘ಸಾಬೀತಾಗಿದೆ’ಯಂತೂ ನಿಲ್ಲುವುದೇ ಇಲ್ಲ. ಎಣ್ಣೆಯ ಸೋಂಕು ತಾಗದಂತೆ ಹುಷಾರಾಗಿ ಕೊರೆದು ತೆಗೆದ ಹೊಸ ಕಲ್ಲಿನಲ್ಲಿ ಆ ಅಣುಗಳು ಸಿಗಲಿಲ್ಲ ಎಂದು 2015ರಲ್ಲಿ ವರದಿಯಾಯಿತು. ಹಳೆಯ ಕಲ್ಲಿಗೆ ಅವು ಹೊರಗಿನಿಂದ ಅಂಟಿದ್ದವು.

ಇಷ್ಟು ಖಾರ ಯಾಕೆಂದರೆ, ನಾನೂ ಹೀಗೆಯೇ ಎಡವಿದವನು. ಪತ್ರಿಕೆಗೆ ಬರುವ ಮೊದಲು ಒಂದು ಲ್ಯಾಬಿನಲ್ಲಿದ್ದೆ. ಕೆರೆಯ ಹೂಳನ್ನು ದ್ರಾವಕದಲ್ಲಿ ನೆನೆಸಿ, ಸೋಸಿ, ಅಣುಗಳನ್ನು ಬೇರ್ಪಡಿಸಿ ತೂಗುವ ಯಂತ್ರ ಜಿಸಿ-ಎಂಎಸ್‌ಗೆ ಕೊಟ್ಟೆ. ಹೋಪೇನ್ ಹುಡುಕುವವರು ಮೊದಲು ನೋಡುವ 191ರ (ಯಂತ್ರದಲ್ಲಿ ಹೋಪೇನ್ ಒಡೆದಾಗ ಸಿಗುವ ಚೂರಿನ ತೂಕ) ಗ್ರಾಫಿನಲ್ಲಿ ಪೀಕುಗಳು ಸಾಲಾಗಿ ಎದ್ದು ನಿಂತವು, 31 ಇಂಗಾಲವಿರುವ ಹೋಪೇನ್ ಅಣುವಿನಿಂದ ಮುಂದಕ್ಕೆ ಜೋಡಿ ಜೋಡಿಯಾಗಿ. ಕುಣಿಯುತ್ತಾ ಗುರುಗಳ ಹತ್ತಿರ ಓಡಿದೆ. ಅವರು ಕನ್ನಡಕ ಏರಿಸಿ, ‘ಹೂಳಿಗೆ ಎಷ್ಟು ವಯಸ್ಸು ಮಾರಾಯಾ?’ ಅಂದರು. ಐವತ್ತು ವರ್ಷವೂ ಇರಲಿಲ್ಲ. ಅಂಥ ಜೋಡಿ ಮೂಡಬೇಕಾದರೆ ಕೆಸರು ಆಳದಲ್ಲಿ ಹೂತು ಲಕ್ಷಾಂತರ ವರ್ಷ ಬೇಯಬೇಕು. ‘ಬ್ಲ್ಯಾಂಕ್ ಎಲ್ಲಿ?’ ಅಂದರು. ಓಡಿಸಿಯೇ ಇರಲಿಲ್ಲ. ಹೂಳು ಹಾಕದೆ ಬರೀ ದ್ರಾವಕ ಓಡಿಸಿದಾಗ ಅವೇ ಪೀಕುಗಳು, ಅದೇ ಎತ್ತರ. ಕಿಟಕಿಯಾಚೆ ಬಸ್ ನಿಲ್ದಾಣ; ಎಂಜಿನ್ ಆಯಿಲ್ ಕೂಡ ಕಚ್ಚಾ ತೈಲದ್ದೇ, ಹೋಪೇನ್ ಅದರಲ್ಲೂ ಇರುತ್ತದೆ. ಎಂಜಿನ್ ಆಯಿಲ್‌ನ ಹೊಗೆ ಕೂತ ಧೂಳು ನನ್ನ ಗಾಜಿನ ಸಾಮಾನಿನ ಮೇಲೆಲ್ಲ ಇತ್ತು. ಮೂರು ತಿಂಗಳ ಕೆಲಸ ಹೋಯಿತು.

ಎರಡನೇ ಪುಟವನ್ನು ಪೂರ್ತಿ ಹೊಸದಾಗಿ ಬರೆದು ಕಳಿಸಿ. 1999ರಿಂದ 2015ರವರೆಗಿನ ಜಗಳ ಅದರಲ್ಲಿ ಬರಲಿ. ಮುಖಚಿತ್ರಕ್ಕೆ ಡೈನೋಸಾರ್ ಬೇಡ, 191ರ ಗ್ರಾಫ್ ಸಿಕ್ಕರೆ ಸಾಕು.