ಹಿರಿಯರಿರುವ ಮನೆ: ಬಚ್ಚಲು, ಹೊಸ್ತಿಲು, ಮಂಚದ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಚ್ಚಲುಮನೆಯ ಬಗ್ಗೆಯೇ ಇವೆ. ಮನೆಯಲ್ಲಿ ಖರ್ಚು ಮಾಡಲು ಒಂದೇ ಜಾಗ ಆರಿಸಿಕೊಳ್ಳಿ ಎಂದರೆ ನಾವೂ ಅದನ್ನೇ ಹೇಳುತ್ತೇವೆ. ಅದಕ್ಕೇ ಮೊದಲೆರಡು ಉತ್ತರ ತುಸು ಉದ್ದವಾಗಿವೆ.

ಪ್ರಶ್ನೆ: ನಮ್ಮ ತಂದೆಗೆ 78 ವರ್ಷ. ಸ್ನಾನ ಮುಗಿಸಿ ಏಳುವಾಗ ಟವೆಲ್ ರಾಡ್ ಹಿಡಿದುಕೊಳ್ಳುತ್ತಿದ್ದರು. ಅದು ಮೊನ್ನೆ ಕಿತ್ತು ಬಂತು. ಗಟ್ಟಿ ಹಿಡಿಕೆ ಹಾಕಿಸಬೇಕು. ಎಂಥದ್ದು, ಎಲ್ಲಿ, ಎಷ್ಟು ಎತ್ತರಕ್ಕೆ? — ಮೈಸೂರಿನ ಓದುಗರು

ಟವೆಲ್ ರಾಡ್ ಇರುವುದು ಒದ್ದೆ ಬಟ್ಟೆಯ ಭಾರಕ್ಕೆ ಮಾತ್ರ. ಅದರ ಸ್ಕ್ರೂ ಒಂದು, ಒಂದೂವರೆ ಇಂಚು. ಟೈಲ್ಸ್ ಮತ್ತು ಅದರ ಹಿಂದಿನ ಗಾರೆಯ ದಪ್ಪವೇ ಹೆಚ್ಚುಕಡಿಮೆ ಅಷ್ಟಿರುವುದರಿಂದ ಅದಕ್ಕೆ ಇಟ್ಟಿಗೆಯ ಹಿಡಿತವೇ ಸಿಕ್ಕಿರುವುದಿಲ್ಲ. ಗೋಡೆಗೆ ಒತ್ತಿದರೆ ಅಂಟಿಕೊಳ್ಳುವ ರಬ್ಬರ್ ಕಪ್ಪಿನ ಹಿಡಿಕೆಯನ್ನೂ ದಯವಿಟ್ಟು ಕೊಳ್ಳಬೇಡಿ. ಸೋಪಿನ ಪಸೆಗೆ, ಟೈಲ್ಸ್ ಸಂದಿಗೆ ಗಾಳಿ ನುಗ್ಗಿ, ಭಾರ ಬಿದ್ದ ಗಳಿಗೆಯಲ್ಲೇ ಅದು ಬಿಟ್ಟುಕೊಳ್ಳುತ್ತದೆ.

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನ ಗ್ರ್ಯಾಬ್ ಬಾರ್ ತನ್ನಿ. ಕೊಳವೆಯ ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಗೋಡೆಗೂ ಕೊಳವೆಗೂ ನಡುವೆ ಒಂದೂವರೆ ಇಂಚು ಸಂದಿ. ಸಂದಿ ಇದಕ್ಕಿಂತ ಹೆಚ್ಚಾದರೆ, ಜಾರಿದಾಗ ಮುಂಗೈ ಒಳಗೆ ಸಿಕ್ಕಿಕೊಂಡು ಮೂಳೆ ಮುರಿಯಬಹುದು. ನುಣುಪು ಹೊಳಪಿನದಕ್ಕಿಂತ ತರಿತರಿ ಮೈಯಿನದು ಒದ್ದೆ ಕೈಗೆ ಒಳ್ಳೆಯದು.

ಎಲ್ಲಿ ಹಾಕಬೇಕು ಎನ್ನುವುದನ್ನು ಮೇಸ್ತ್ರಿ ಹೇಳಲಾರರು, ನಿಮ್ಮ ತಂದೆಯವರ ಕೈ ಹೇಳುತ್ತದೆ. ನೆಲ ಒಣಗಿರುವಾಗ, ಬಟ್ಟೆ ಹಾಕಿಕೊಂಡೇ ಒಳಗೆ ಬಂದು, ಕೂತು, ಎದ್ದು, ಹೊರಗೆ ಹೋಗಲು ಹೇಳಿ. ಕೈ ತಾನಾಗಿ ಗೋಡೆಗೆ ಹೋದ ಕಡೆಯಲ್ಲೆಲ್ಲ ಟೇಪು ಅಂಟಿಸಿ. ಸಾಮಾನ್ಯವಾಗಿ ಮೂರು ಜಾಗ ಸಿಗುತ್ತವೆ: ಬಾಗಿಲ ಪಕ್ಕ ನೆಟ್ಟಗೆ ನಿಲ್ಲಿಸಿದ ಒಂದು, ಕಮೋಡಿನ ಪಕ್ಕ ಅಡ್ಡಡ್ಡ ಒಂದು, ಸ್ನಾನಕ್ಕೆ ಕೂರುವಲ್ಲಿ ಒಂದು. ಅಡ್ಡ ಹಿಡಿಕೆ ನೆಲದಿಂದ 28ರಿಂದ 34 ಇಂಚಿನೊಳಗೆ ಬರುತ್ತದೆ. ಕೂತಾಗ ಅದನ್ನು ಕೆಳಕ್ಕೆ ಒತ್ತಿ ಏಳುವಂತಿರಬೇಕು. ಲಕ್ವ ಹೊಡೆದವರಿಗಾದರೆ ಬಲವಿರುವ ಕೈಯ ಕಡೆಗೇ ಹಾಕಿ. ಓರೆಯಾಗಿ ಹಾಕಿಸಬೇಡಿ, ಒದ್ದೆ ಕೈ ಜಾರುತ್ತದೆ.

ಕೊರೆಯುವ ಮೊದಲು ಗೋಡೆಯೊಳಗಿನ ಪೈಪು ನೋಡಿಕೊಳ್ಳಿ. ನಲ್ಲಿ, ಗೀಸರ್ ಇರುವ ಜಾಗದಿಂದ ಪೈಪು ಸಾಮಾನ್ಯವಾಗಿ ನೇರ ಮೇಲೆ ಕೆಳಗೆ ಅಥವಾ ಅಡ್ಡಕ್ಕೆ ಹೋಗಿರುತ್ತದೆ. ಆ ಗೆರೆಯನ್ನೂ ಸ್ವಿಚ್ಚಿನ ಮೇಲಿನ ಗೆರೆಯನ್ನೂ ಬಿಟ್ಟುಬಿಡಿ. ಗುರುತಿನ ಮೇಲೆ ಟೇಪು ಹಚ್ಚಿ, ಟೈಲ್ಸ್ ಬಿಟ್ಟಿನಿಂದ ಮೆಲ್ಲಗೆ ಕೊರೆಯಬೇಕು. ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ ಹಾಕಕೂಡದು, ಹಾಕಿದರೆ ಬಿರುಕು ಖಚಿತ. ಸ್ಕ್ರೂ ಇಟ್ಟಿಗೆಯೊಳಗೆ ಕನಿಷ್ಠ ಎರಡು ಇಂಚು ಹೋಗಬೇಕು, ಅಂದರೆ ಒಟ್ಟು ಮೂರೂವರೆ ನಾಲ್ಕು ಇಂಚಿನದು ಬೇಕು. ಹಾಲೋ ಬ್ಲಾಕ್, ಹಗುರ ಬ್ಲಾಕ್, ಜಂಬಿಟ್ಟಿಗೆ ಗೋಡೆಗಳಲ್ಲಿ ಸ್ಕ್ರೂ ಕೂರಿಸುವ ಮಾಮೂಲಿ ಪ್ಲಗ್ ಸಡಿಲವಾಗುತ್ತದೆ. ಅಲ್ಲಿ ಅಂಟು ತುಂಬುವ ಕೆಮಿಕಲ್ ಆಂಕರ್ ಹಾಕಿಸಿ. ಇಲ್ಲವೇ ಬೋಲ್ಟನ್ನು ಗೋಡೆಯ ಆಚೆಗೆ ತೂರಿಸಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿ. ತೂತಿಗೆ ಸಿಲಿಕಾನ್ ಮೆತ್ತದಿದ್ದರೆ ನೀರು ಇಳಿದು ಆಚೆ ಗೋಡೆ ಉಬ್ಬುತ್ತದೆ. ಎಲ್ಲ ಮುಗಿದ ಮೇಲೆ ಮನೆಯ ಅತಿ ಭಾರದವರೊಬ್ಬರು ಜೋರಾಗಿ ಎಳೆದು, ಒತ್ತಿ ನೋಡಲಿ. ಹಿರಿಯರು ಆಮೇಲೆ ಹಿಡಿಯಲಿ.

ಪ್ರಶ್ನೆ: ಅತ್ತೆಗೆ ಮಂಡಿನೋವು. ಮನೆಯಲ್ಲಿರುವುದು ಇಂಡಿಯನ್ ಟಾಯ್ಲೆಟ್. ಒಡೆಸಿ ಕಮೋಡ್ ಹಾಕಿಸಬೇಕೆ, ಬೇಸಿನ್ ಮೇಲೆ ಇಡುವ ಸ್ಟೀಲ್ ಕುರ್ಚಿ ಸಾಕೆ? — ಹಾವೇರಿ

ಮೊದಲು ಕುರ್ಚಿಯನ್ನೇ ತನ್ನಿ. ಆದರೆ ಅಂಗಡಿಗೆ ಹೋಗುವ ಮುನ್ನ ಅಳತೆ ತೆಗೆದುಕೊಳ್ಳಿ. ಬಹಳ ಮನೆಗಳಲ್ಲಿ ಬೇಸಿನ್ ಇರುವುದು ಆರೆಂಟು ಇಂಚಿನ ಕಟ್ಟೆಯ ಮೇಲೆ. ಕುರ್ಚಿಯ ನಾಲ್ಕೂ ಕಾಲು ಕಟ್ಟೆಯ ಮೇಲೆಯೇ, ಅಂಚಿನಿಂದ ಎರಡು ಇಂಚಾದರೂ ಒಳಗೆ ನಿಲ್ಲಬೇಕು. ಕಟ್ಟೆ ಕಿರಿದಾಗಿದ್ದರೆ ಒಂದು ಕಾಲು ಕೆಳಗೆ ಜಾರಿ ಕುರ್ಚಿಯೇ ಮಗುಚುತ್ತದೆ. ಅಂಥ ಕಡೆ ಕಟ್ಟೆಯನ್ನು ಮುಂದಕ್ಕೆ ಒಂದೂವರೆ ಅಡಿ ಬೆಳೆಸಿ. ಕೂತಾಗ ಅವರ ಪಾದ ಊರುವುದೂ ಆ ಕಟ್ಟೆಯ ಮೇಲೆಯೇ.

ಕೂರುವ ಎತ್ತರ 17ರಿಂದ 19 ಇಂಚು, ಎರಡೂ ಕಡೆ ಕೈ ಇರಬೇಕು, ಮಡಚುವ ಕೀಲು ಅಲುಗಾಡಬಾರದು. ಕಾಲಿನ ರಬ್ಬರ್ ಬುಷ್ ಸವೆದು ಸ್ಟೀಲು ಹೊರಬಿದ್ದರೆ ಒದ್ದೆ ನೆಲದಲ್ಲಿ ಅದು ಜಾರುತ್ತದೆ. ತಿಂಗಳಿಗೊಮ್ಮೆ ತಿರುಗಿಸಿ ನೋಡಿ, ಬುಷ್ಷಿಗೆ ಹೆಚ್ಚೇನೂ ಬೆಲೆಯಿಲ್ಲ.

ಒಡೆಸುವುದೇ ಆದರೆ ಬೇಸಿನ್ ಮಾತ್ರವಲ್ಲ, ಕೆಳಗಿನ ಟ್ರ್ಯಾಪೂ (ನೀರು ನಿಲ್ಲುವ ಬಾಗಿದ ಪೈಪು) ಬದಲಾಗುತ್ತದೆ, ವಾಟರ್‌ಪ್ರೂಫಿಂಗ್ ಮತ್ತೆ ಮಾಡಬೇಕಾಗುತ್ತದೆ. ಮಹಡಿಯ ಮೇಲಿದ್ದರೆ ಇದನ್ನು ತಪ್ಪಿಸಬೇಡಿ, ಕೆಳಗಿನ ಸೂರು ಸೋರುವುದು ಇಲ್ಲಿಂದಲೇ. ಗಾರೆ ಆರುವವರೆಗಿನ ದಿನಗಳಿಗೆ ಅತ್ತೆಯವರಿಗೆ ಬೇರೆ ವ್ಯವಸ್ಥೆ ಮೊದಲೇ ಆಗಿರಲಿ. ಜೆಟ್ ಸ್ಪ್ರೇ ಅವರು ಬಳಸುವ ಕೈಯ ಕಡೆಗೆ, ಮೈ ತಿರುಗಿಸದೆ ಸಿಗುವಂತಿರಲಿ. ತೊಳೆದುಕೊಳ್ಳಲು ಬಗ್ಗಿ ಚೊಂಬು ಎತ್ತುವಾಗಲೇ ಎಷ್ಟೋ ಜನ ಆಯ ತಪ್ಪುತ್ತಾರೆ.

ಪ್ರಶ್ನೆ: ನಮ್ಮದು ಹಳೆಯ ಮನೆ. ಪ್ರತಿ ಬಾಗಿಲಿಗೂ ನಾಲ್ಕಿಂಚಿನ ಹೊಸ್ತಿಲು. ಅಜ್ಜಿ ಎರಡು ಸಲ ಎಡವಿದ್ದಾರೆ, ಆದರೆ ಹೊಸ್ತಿಲು ಕೊಯ್ಯಲು ಒಪ್ಪುವುದಿಲ್ಲ. — ಶಿರಸಿ

ತಲೆಬಾಗಿಲ ಹೊಸ್ತಿಲನ್ನು ಅವರ ಮನಸ್ಸಿನಂತೆ ಹಾಗೇ ಬಿಡಿ. ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಎಡವುವುದು ಹೆಚ್ಚಾಗಿ ನೆಲದ ಬಣ್ಣವೇ ಇರುವ ಒಳಬಾಗಿಲುಗಳಲ್ಲಿ. ಅವನ್ನು ಕೊಯ್ಸಬಹುದೇ ಕೇಳಿ ನೋಡಿ. ಬಾಗಿಲವಾಡದ ಪಕ್ಕದ ಮರಗಳು ಗೋಡೆಗೆ ಬಿಗಿದಿರುವುದರಿಂದ ಕೆಳಗಿನ ಮರ ತೆಗೆದರೆ ಚೌಕಟ್ಟು ಬೀಳುವುದಿಲ್ಲ. ತೆಗೆದ ಜಾಗವನ್ನು ಎರಡೂ ಕೋಣೆಯ ನೆಲಕ್ಕೆ ಸಮವಾಗಿ ತುಂಬಿಸಿ. ಬಚ್ಚಲಿನದನ್ನು ಪೂರ್ತಿ ತೆಗೆಯಬೇಡಿ, ನೀರು ತಡೆಯಲು ಅರ್ಧ ಇಂಚು ಇರಲಿ.

ಒಪ್ಪದಿದ್ದರೆ, ಹೊಸ್ತಿಲ ಎರಡೂ ಕಡೆ ಎರಡಿಂಚು ಎತ್ತರದ, ಬಾಗಿಲಿನಷ್ಟೇ ಅಗಲದ, ಒಂದೂವರೆ ಅಡಿ ಉದ್ದದ ಹಲಗೆ ಕೂರಿಸಿ. ಕಾಲು ನಾಲ್ಕಿಂಚು ಎತ್ತುವ ಬದಲು ಎರಡೆರಡು ಇಂಚು ಎತ್ತಿದರೆ ಸಾಕು. ಹಲಗೆಯನ್ನು ನೆಲಕ್ಕೆ ಬಿಗಿಯಲೇಬೇಕು, ಅಂಚಿಗೆ ನೆಲದ ಬಣ್ಣಕ್ಕೆ ಎದ್ದು ಕಾಣುವ ಪಟ್ಟಿ ಬಳಿಯಬೇಕು. ಚೌಕಟ್ಟಿಗೆ ಸೊಂಟದಿಂದ ಭುಜದವರೆಗೆ ಬರುವ ನೆಟ್ಟ ಹಿಡಿಕೆ ಹಾಕಿ.

ಬಡಗಿಗಳು ಇಲ್ಲಿ ಇಳಿಜಾರು ಹಲಗೆ ಮಾಡಿಕೊಡುತ್ತೇವೆನ್ನುತ್ತಾರೆ. ಒಂದಿಂಚು ಎತ್ತರಕ್ಕೆ ಒಂದಡಿ ಉದ್ದ ಬೇಕು. ನಾಲ್ಕಿಂಚಿಗೆ ನಾಲ್ಕಡಿ, ಅದೂ ಎರಡೂ ಕಡೆ. ಗಾಲಿಕುರ್ಚಿಗೆ, ವಾಕರಿಗೆ ಅದು ಅಗತ್ಯ. ನಡೆಯುವವರಿಗೆ ಒಂದಡಿಯ ಕಡಿದಾದ ಇಳಿಜಾರು ಹೊಸ್ತಿಲಿಗಿಂತ ಅಪಾಯ.

ಪ್ರಶ್ನೆ: ತಂದೆ ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುತ್ತಾರೆ. ಎದ್ದಾಗ ತೂರಾಡುತ್ತಾರೆ. — ದಾವಣಗೆರೆ

ಮಂಚದ ಅಂಚಿನಲ್ಲಿ ಅವರನ್ನು ಕೂರಿಸಿ ನೋಡಿ. ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಸೊಂಟಕ್ಕಿಂತ ಮೇಲೆ ಬರಬಾರದು. ಹಾಸಿಗೆ ಕುಗ್ಗಿದ ಮೇಲೆ 17ರಿಂದ 19 ಇಂಚು ಎತ್ತರ ಬಹುಪಾಲು ಜನರಿಗೆ ಸರಿಹೊಂದುತ್ತದೆ. ಎತ್ತರ ಹೆಚ್ಚಾಗಿದ್ದರೆ ಆರಿಂಚಿನ ಹಾಸಿಗೆ ತೆಗೆದು ನಾಲ್ಕಿಂಚಿನದು ಹಾಕಿ, ಅಥವಾ ಮರದ ಕಾಲನ್ನು ಕೊಯ್ಸಿ. ತಗ್ಗಾಗಿದ್ದರೆ ಕಾಲು ಕೂರಲು ಗುಳಿ ಇರುವ ಮರದ ದಿಮ್ಮಿ ಕೊಡಿ. ಇಟ್ಟಿಗೆ ಇಡಬೇಡಿ, ಜರುಗುತ್ತದೆ.

ಎದ್ದ ಕೂಡಲೇ ನಡೆಯದೆ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕೂರಲಿ. ಮಲಗಿದವರು ಏಕಾಏಕಿ ನಿಂತಾಗ ರಕ್ತದೊತ್ತಡ ಇಳಿದು ಕಣ್ಣುಕತ್ತಲೆ ಬರುತ್ತದೆ. ಬಿ.ಪಿ. ಮಾತ್ರೆಯಿಂದ, ಪ್ರಾಸ್ಟೇಟ್ ಗ್ರಂಥಿಯ ಕೆಲವು ಮಾತ್ರೆಗಳಿಂದ ಇದು ಹೆಚ್ಚುವುದುಂಟು. ತೂರಾಡುವುದನ್ನು ವೈದ್ಯರಿಗೆ ಹೇಳಿ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಹಾಸಿಗೆಯಿಂದ ಬಚ್ಚಲಿನವರೆಗೆ ಮೊಣಕಾಲೆತ್ತರದಲ್ಲಿ ಸೆನ್ಸರ್ ಇರುವ ಹಳದಿ ಎಲ್‌ಇಡಿ ದೀಪ ಹಾಕಿ. ಸೆನ್ಸರ್ ಹಾಸಿಗೆಯತ್ತ ಮುಖ ಮಾಡಿದರೆ ಮಗ್ಗುಲು ಬದಲಿಸಿದಾಗಲೆಲ್ಲ ಬೆಳಗಿ ನಿದ್ದೆ ಕೆಡಿಸುತ್ತದೆ. ಯುಪಿಎಸ್ ಇದ್ದರೆ ಟಿವಿಗಿಂತ ಮೊದಲು ಬಚ್ಚಲಿನ ದೀಪವನ್ನು ಅದಕ್ಕೆ ಜೋಡಿಸಿ. ದಾರಿಯಲ್ಲಿನ ಕಾಲೊರಸು, ವೈರು ತೆಗೆಯಿರಿ. ಬಚ್ಚಲಿನ ಒಳ ಅಗುಳಿ ತೆಗೆದು, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಬಹುದಾದ ಚಿಲಕ ಹಾಕಿ. ಬಾಗಿಲು ಹೊರಕ್ಕೆ ತೆರೆದುಕೊಳ್ಳಬೇಕು. ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದರೆ ಅವರ ಮೈಯೇ ಅಡ್ಡವಾಗಿ ಯಾರೂ ಒಳಗೆ ಹೋಗಲಾಗುವುದಿಲ್ಲ.

ಪ್ರಶ್ನೆ: ಬಾಡಿಗೆ ಮನೆ. ಮಾಲೀಕರು ಗೋಡೆ ಕೊರೆಯಲು ಬಿಡುವುದಿಲ್ಲ. — ಬೆಂಗಳೂರು

ಸ್ನಾನಕ್ಕೆ ರಬ್ಬರ್ ಬುಷ್ಷಿನ, ಕೈ ಇರುವ ಸ್ಟೂಲು. ಬಕೆಟ್ಟನ್ನು ಅದರ ಪಕ್ಕ ಒಂದಡಿ ಎತ್ತರದ ಮಣೆಯ ಮೇಲಿಡಿ, ಬಗ್ಗುವುದು ತಪ್ಪುತ್ತದೆ. ಕಮೋಡಿಗೆ ಎರಡೂ ಬದಿ ಕೈ ಇರುವ ಚೌಕಟ್ಟುಗಳು ಕೊರೆಯದೆ ಕೂರುತ್ತವೆ. ಸೋಲಾರ್ ನೀರು ಬರುವ ಮನೆಯಾದರೆ, ಮೈ ಸುಡದಂತೆ, ಬಕೆಟ್ಟಿಗೆ ಯಾವಾಗಲೂ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಪ್ರಶ್ನೆ: ಮಳೆಗಾಲದಲ್ಲಿ ಹಿತ್ತಿಲ ಬಚ್ಚಲಿಗೆ ಹೋಗುವ ದಾರಿಯೆಲ್ಲ ಪಾಚಿ. — ತೀರ್ಥಹಳ್ಳಿ

ಮಳೆ ಬಿಟ್ಟ ದಿನ ಬ್ಲೀಚಿಂಗ್ ಪುಡಿ ಕಲಸಿ ಹಾಕಿ, ಅರ್ಧ ಗಂಟೆ ಬಿಟ್ಟು ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯಿರಿ. ಹತ್ತು ಹದಿನೈದು ದಿನಕ್ಕೊಮ್ಮೆ ಮತ್ತೆ ಮಾಡಬೇಕು. ಸಿಮೆಂಟು ಹಾಕಿಸುವಾಗ ನುಣುಪು ಮಾಡಿಸದೆ ಪೊರಕೆಯಿಂದ ಗೀರು ಎಳೆಸಿ, ಪಕ್ಕದಲ್ಲಿ ಕೈಗೆ ಆಸರೆಯಾಗಲು ಕಂಬ ನೆಟ್ಟು ಪೈಪು ಕಟ್ಟಿಸಿ. ಬ್ಲೀಚಿಂಗ್ ಪುಡಿಯ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ಡನ್ನು ಎಂದೂ ಬೆರೆಸಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ.