ಸಂಪಾದಕರ ಉತ್ತರ: ಸೋಮವಾರದ ಈಮೇಲ್ ಮತ್ತು ‘ಆಮೆನ್’ ಎನ್ನದ ಶಿಕ್ಷಕಿ

ಮಾನ್ಯ ಓದುಗರೇ,

ಅಮೆರಿಕದ ಸಾರ್ವಜನಿಕ ಶಾಲೆಯೊಂದರಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳುತ್ತಿರುವ ನೀವು ಬರೆದ ಪತ್ರ ತಲುಪಿತು. ಹೆಸರನ್ನೂ ರಾಜ್ಯವನ್ನೂ ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯನ್ನು ಪಾಲಿಸಿದ್ದೇವೆ. ಉಳಿದ ಓದುಗರಿಗಾಗಿ ಪತ್ರದ ಸಾರವನ್ನಷ್ಟೇ ಕೊಡುತ್ತೇವೆ. ನಿಮ್ಮ ಪ್ರಿನ್ಸಿಪಾಲರು ಪ್ರತಿ ಸೋಮವಾರ ಬೆಳಿಗ್ಗೆ ಎಲ್ಲ ಸಿಬ್ಬಂದಿಗೂ ಕಳುಹಿಸುವ ಈಮೇಲ್‌ನಲ್ಲಿ ಮೊದಲಿಗೆ ಬೈಬಲ್‌ನ ಒಂದು ವಚನ, ಅದರ ಕೆಳಗೆ ಆ ವಾರದ ಸಭೆ, ಬಸ್ ಡ್ಯೂಟಿ, ಸಲ್ಲಿಸಬೇಕಾದ ಕಾಗದಪತ್ರಗಳ ವಿವರ ಇರುತ್ತದೆ. ಹಲವು ಸಹೋದ್ಯೋಗಿಗಳು ‘ರಿಪ್ಲೈ ಆಲ್’ ಒತ್ತಿ ‘ಆಮೆನ್’ ಎಂದು ಉತ್ತರಿಸುತ್ತಾರೆ. ನೀವು ಎಂದೂ ಉತ್ತರಿಸಿಲ್ಲ. ಸಿಬ್ಬಂದಿ ಸಭೆಯೊಂದರಲ್ಲಿ ಪ್ರಿನ್ಸಿಪಾಲರು ನಗುತ್ತಲೇ ‘ಕೆಲವರಿಗೆ ನನ್ನ ಮೇಲ್ ತಲುಪುವುದೇ ಇಲ್ಲವೇನೋ’ ಎಂದರು. ಅನಂತರ ಬಂದ ವಾರ್ಷಿಕ ಮೌಲ್ಯಮಾಪನದಲ್ಲಿ ‘ಸಿಬ್ಬಂದಿಯೊಂದಿಗೆ ಇನ್ನಷ್ಟು ಬೆರೆಯಬೇಕು’ ಎಂಬ ಸಾಲು ಹೊಸದಾಗಿ ಸೇರಿತ್ತು. ನೀವು ದೈವಭಕ್ತರು, ಬೈಬಲ್ ಬಗ್ಗೆ ನಿಮಗೆ ಅಸಡ್ಡೆಯೇನೂ ಇಲ್ಲ. ಆದರೂ ಆ ಮೇಲ್ ತೆರೆಯುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ ಎಂದು ಬರೆದು ಮೂರು ಪ್ರಶ್ನೆ ಕೇಳಿದ್ದೀರಿ. ಇದು ಕಾನೂನಿಗೆ ಒಪ್ಪುವಂಥದ್ದೇ? ಪ್ರತಿಯಾಗಿ ನೀವೂ ಗೀತೆಯ ಶ್ಲೋಕವೊಂದನ್ನು ಎಲ್ಲರಿಗೂ ಕಳುಹಿಸಿದರೆ ಹೇಗೆ? ಭಾರತದ ಸರ್ಕಾರಿ ಕಚೇರಿಗಳಲ್ಲಿ ಪೂಜೆಗಳು ನಡೆಯುತ್ತಿರುವಾಗ ಇಲ್ಲಿ ಆಕ್ಷೇಪ ಎತ್ತುವ ನೈತಿಕ ಹಕ್ಕು ನಿಮಗಿದೆಯೇ?

ನೀವು ಪತ್ರದೊಂದಿಗೆ ಇರಿಸಿದ್ದ ಮೇಲ್‌ನ ಪ್ರತಿಯನ್ನು ಓದಿದೆವು. ಮಾಡುವ ಕೆಲಸವನ್ನು ಮನುಷ್ಯರಿಗಾಗಿ ಅಲ್ಲ, ಕರ್ತನಿಗಾಗಿ ಎಂದುಕೊಂಡು ಮನಸಾರೆ ಮಾಡಿರಿ ಎಂಬರ್ಥದ ವಚನ ಅದರ ತಲೆಯ ಮೇಲಿದೆ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ್ದು. ಎರಡು ಸಾಲು ಬಿಟ್ಟರೆ, ಮಕ್ಕಳ ವೈಯಕ್ತಿಕ ಶಿಕ್ಷಣ ಯೋಜನೆಯ ಕಡತಗಳನ್ನು ಕೆಲವರು ಇನ್ನೂ ಸಲ್ಲಿಸಿಲ್ಲ, ಶುಕ್ರವಾರದೊಳಗೆ ಸಲ್ಲಿಸತಕ್ಕದ್ದು ಎಂಬ ಎಚ್ಚರಿಕೆಯಿದೆ. ವಚನವನ್ನು ಬರೆದವರ ಉದ್ದೇಶ ಏನೇ ಇರಲಿ, ಈ ಎರಡನ್ನೂ ಒಂದೇ ಹಾಳೆಯಲ್ಲಿ ಓದುವ ಶಿಕ್ಷಕಿಗೆ ದೇವರ ಅಪೇಕ್ಷೆ ಎಲ್ಲಿ ಮುಗಿಯಿತು, ಕಚೇರಿಯ ಅಪೇಕ್ಷೆ ಎಲ್ಲಿ ಶುರುವಾಯಿತು ಎಂದು ಬೇರೆ ಮಾಡುವುದು ಕಷ್ಟ. ಅದೇ ಅಧ್ಯಾಯದಲ್ಲಿ ಈ ವಚನಕ್ಕೆ ಮುಂಚಿನ ವಚನ, ದಾಸರು ತಮ್ಮ ಯಜಮಾನರಿಗೆ ವಿಧೇಯರಾಗಿರಬೇಕು ಎನ್ನುತ್ತದೆ. ಪ್ರಿನ್ಸಿಪಾಲರ ಮನಸ್ಸಿನಲ್ಲಿ ಅದು ಇದ್ದಿರಲಾರದು. ಆದರೆ ಮುಂದಿನ ಅಧ್ಯಾಯವನ್ನು ತೆರೆದ ಕೂಡಲೇ, ಯಜಮಾನರು ತಮಗೂ ಪರಲೋಕದಲ್ಲಿ ಒಬ್ಬ ಯಜಮಾನನಿದ್ದಾನೆಂದು ತಿಳಿದು ದಾಸರೊಂದಿಗೆ ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ಮಾತು ಬರುತ್ತದೆ ಎಂಬುದನ್ನೂ ಅವರು ಬಲ್ಲವರೇ ಇರಬೇಕು. ಅದು ಸೋಮವಾರದ ಮೇಲ್‌ನಲ್ಲಿ ಬಂದದ್ದನ್ನು ನೀವು ಕಂಡಂತಿಲ್ಲ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಇಲ್ಲಿ ಪ್ರಶ್ನೆ ವಚನದ್ದಲ್ಲ, ಅದು ಬರುತ್ತಿರುವ ಕುರ್ಚಿಯದು. ಪಕ್ಕದ ತರಗತಿಯ ಶಿಕ್ಷಕಿ ಇದೇ ವಚನವನ್ನು ನಿಮಗೆ ಕಳುಹಿಸಿದ್ದರೆ ನೀವು ಓದಬಹುದಿತ್ತು, ಓದದೆ ಅಳಿಸಬಹುದಿತ್ತು, ‘ನನಗೆ ಕಳುಹಿಸಬೇಡಿ’ ಎಂದು ನಕ್ಕು ಹೇಳಬಹುದಿತ್ತು. ಯಾವುದರಿಂದಲೂ ನಿಮ್ಮ ಮುಂದಿನ ವರ್ಷದ ಒಪ್ಪಂದಕ್ಕೆ ಧಕ್ಕೆಯಾಗುತ್ತಿರಲಿಲ್ಲ. ಮೌಲ್ಯಮಾಪನ ಬರೆಯುವವರು, ತರಗತಿ ಹಂಚುವವರು, ಒಪ್ಪಂದ ನವೀಕರಿಸಲು ಶಿಫಾರಸು ಮಾಡುವವರು ಕಳುಹಿಸಿದಾಗ ಮೌನವೂ ಒಂದು ಉತ್ತರವಾಗಿ ದಾಖಲಾಗುತ್ತದೆ. ‘ಯಾರನ್ನೂ ಒತ್ತಾಯಿಸಿಲ್ಲವಲ್ಲ’ ಎಂದು ಮೇಲಧಿಕಾರಿಗಳು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಒತ್ತಾಯಿಸುವ ಅಗತ್ಯ ತಮಗೆ ಬರುವುದೇ ಇಲ್ಲ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಇನ್ನು ಕಾನೂನು. 1791ರಲ್ಲಿ ಅಂಗೀಕಾರವಾದ ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು ಎನ್ನುತ್ತದೆ, ಅದೇ ಉಸಿರಿನಲ್ಲಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನೂ ವಾಕ್ ಸ್ವಾತಂತ್ರ್ಯವನ್ನೂ ಕಾಯುತ್ತದೆ. ಸಾರ್ವಜನಿಕ ಶಾಲಾ ಡಿಸ್ಟ್ರಿಕ್ಟ್, ಅಂದರೆ ಒಂದು ಪ್ರದೇಶದ ಸಾರ್ವಜನಿಕ ಶಾಲೆಗಳನ್ನು ನಡೆಸುವ ಆಡಳಿತ ಸಂಸ್ಥೆ, ಈ ಲೆಕ್ಕದಲ್ಲಿ ಸರ್ಕಾರವೇ. ಖಾಸಗಿ ಧಾರ್ಮಿಕ ಶಾಲೆಯಾಗಿದ್ದರೆ ನಿಮ್ಮ ಪತ್ರಕ್ಕೆ ನಮ್ಮ ಉತ್ತರ ಬಹಳ ಚಿಕ್ಕದಾಗಿರುತ್ತಿತ್ತು. ಜೊತೆಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಏಳನೆಯ ಅಧ್ಯಾಯ, ಅಂದರೆ ಎಲ್ಲರೂ ‘ಟೈಟಲ್ ಸೆವೆನ್’ ಎನ್ನುವ ಭಾಗ, ಉದ್ಯೋಗದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ನೀವು ಅಲ್ಲಿನ ಪ್ರಜೆಯಲ್ಲ, ವೀಸಾದ ಮೇಲೆ ಇದ್ದೀರಿ ಎಂಬ ಕಾರಣಕ್ಕೆ ಈ ರಕ್ಷಣೆ ತಪ್ಪುವುದಿಲ್ಲ. ಪತ್ರದಲ್ಲಿ ಈ ಭಯವನ್ನು ನೀವು ಎರಡು ಬಾರಿ ಹೇಳಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇವೆ.

ನಿಮ್ಮ ಪರಿಸ್ಥಿತಿಗೆ ಬಹಳ ಹತ್ತಿರದ ಒಂದು ತೀರ್ಪು ಅರ್ಕಾನ್ಸಾಸ್ ರಾಜ್ಯದ ಡಿವಾಲ್ಸ್ ಬ್ಲಫ್ ಎಂಬ ಪುಟ್ಟ ಶಾಲಾ ಡಿಸ್ಟ್ರಿಕ್ಟ್‌ನಿಂದ ಬಂದದ್ದು. ಅಲ್ಲಿನ ಶಿಕ್ಷಕರೊಬ್ಬರು, ತಾವು ಹಾಜರಾಗಲೇಬೇಕಾದ ಸಿಬ್ಬಂದಿ ಸಭೆಗಳಲ್ಲಿ ಪ್ರಾರ್ಥನೆ ನಡೆಯುತ್ತದೆ ಎಂದು ನ್ಯಾಯಾಲಯಕ್ಕೆ ಹೋದರು. ಎಂಟನೆಯ ಸರ್ಕ್ಯೂಟ್‌ನ (ಹಲವು ರಾಜ್ಯಗಳು ಸೇರಿದ ನ್ಯಾಯಾಂಗ ವಲಯ) ಫೆಡರಲ್ ಮೇಲ್ಮನವಿ ನ್ಯಾಯಾಲಯ 2004ರಲ್ಲಿ, ಕಡ್ಡಾಯ ಸಭೆಗಳಲ್ಲಿ ಪ್ರಾರ್ಥನೆ ಕೂಡದೆಂಬ ಆದೇಶವನ್ನು ಎತ್ತಿಹಿಡಿಯಿತು; ಆದರೆ ಡಿಸ್ಟ್ರಿಕ್ಟ್‌ನ ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರು ತಮ್ಮ ಸ್ವಂತ ಕೊಠಡಿಯಲ್ಲಿ ಇಟ್ಟುಕೊಂಡಿದ್ದ ಧಾರ್ಮಿಕ ವಸ್ತುಗಳನ್ನು ತೆಗೆಸಲು ಒಪ್ಪಲಿಲ್ಲ. ಈ ತೀರ್ಪಿನ ಎರಡನೆಯ ಅರ್ಧವನ್ನೂ ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನಿಮ್ಮ ಪ್ರಿನ್ಸಿಪಾಲರ ಮೇಜಿನ ಮೇಲಿನ ಬೈಬಲ್ ಬಗ್ಗೆಯೂ, ಅವರ ಕೊಠಡಿಯ ಗೋಡೆಯ ಶಿಲುಬೆಯ ಬಗ್ಗೆಯೂ ಪತ್ರದಲ್ಲಿ ದೂರಿದ್ದೀರಿ. ಅದನ್ನು ಬಿಟ್ಟುಬಿಡಿ. ಅದು ಅವರದು.

ಇದೇ ನ್ಯಾಯಾಲಯ 1995ರಲ್ಲಿ ಅಯೋವಾದ ಪೋಕ್ ಕೌಂಟಿಯ ಒಬ್ಬ ಮೇಲಧಿಕಾರಿಯ ಪ್ರಕರಣದಲ್ಲಿ ಗೆರೆಯನ್ನು ಇನ್ನೂ ಸೂಕ್ಷ್ಮವಾಗಿ ಎಳೆದಿತ್ತು. ಕಚೇರಿಯಲ್ಲಿ ಸಹಜವಾಗಿ ಬಾಯಿಗೆ ಬಂದ ಪ್ರಾರ್ಥನೆಯ ಮಾತುಗಳಿಗಾಗಿ ಆತನನ್ನು ದಂಡಿಸುವುದು ಸರಿಯಲ್ಲ ಎಂದ ನ್ಯಾಯಾಲಯ, ತನ್ನ ಬೈಬಲ್ ಅಧ್ಯಯನದ ಟಿಪ್ಪಣಿಗಳನ್ನು ಕಾರ್ಯದರ್ಶಿಯ ಕೈಯಲ್ಲಿ ಟೈಪ್ ಮಾಡಿಸಿದ್ದಕ್ಕೆ ಕೊಟ್ಟ ಎಚ್ಚರಿಕೆಯಲ್ಲಿ ತಪ್ಪು ಕಾಣಲಿಲ್ಲ. ಟೈಪ್ ಮಾಡಿಸಿದ್ದು ಅಧಿಕಾರದ ಬಳಕೆ. ಪ್ರಾರ್ಥನೆಯ ಮಾತು ಮನುಷ್ಯನದು. ಎರಡು ವರ್ಷದ ಬಳಿಕ ಇಂಡಿಯಾನಾದ ಡೆಲ್ಫೈ ನಗರದಲ್ಲಿ, ಪೊಲೀಸ್ ಮುಖ್ಯಸ್ಥರು ತಮ್ಮ ಕೈಕೆಳಗಿನ ಮಹಿಳಾ ಉದ್ಯೋಗಿಗೆ ಆಕೆಯ ಆತ್ಮದ ಉದ್ಧಾರದ ಕುರಿತು ಪದೇಪದೇ ಬೋಧಿಸಿ ಕೊನೆಗೆ ಕೆಲಸದಿಂದಲೂ ತೆಗೆದರೆಂಬ ದೂರು ವಿಚಾರಣೆಗೆ ಅರ್ಹವೆಂದು ಏಳನೆಯ ಸರ್ಕ್ಯೂಟ್‌ನ ಮೇಲ್ಮನವಿ ನ್ಯಾಯಾಲಯ ಹೇಳಿತು. ನಿಮ್ಮದು ಅಷ್ಟು ದೂರ ಹೋಗಿಲ್ಲ, ಹೋಗದಿರಲಿ.

ನಿಮ್ಮ ಸಹೋದ್ಯೋಗಿಯೊಬ್ಬರು ‘ಈಗ ಅದೆಲ್ಲ ಬದಲಾಗಿದೆ, ಕೋಚ್ ಕೇಸ್ ಗೊತ್ತಿಲ್ಲವೇ’ ಎಂದರಂತೆ. ಅವರು ಹೇಳುತ್ತಿರುವುದು ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಶಾಲಾ ಡಿಸ್ಟ್ರಿಕ್ಟ್‌ನ ಪ್ರಕರಣ. ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕೋಚ್‌ನ ಪರವಾಗಿ ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ 6–3 ಬಹುಮತದ ತೀರ್ಪು ಕೊಟ್ಟದ್ದು ನಿಜ. ಅದರೊಂದಿಗೆ, ಸರ್ಕಾರ ಧರ್ಮವೊಂದನ್ನು ಅನುಮೋದಿಸಿದಂತೆ ತೋರುತ್ತದೆಯೇ ಎಂದು ನೋಡುತ್ತಿದ್ದ ಹಳೆಯ ಅಳತೆಗೋಲನ್ನು ಬದಿಗಿರಿಸಿ, ಇತಿಹಾಸ ಮತ್ತು ಸಂಪ್ರದಾಯವನ್ನು ನೋಡಬೇಕೆಂದದ್ದೂ ನಿಜ. ಹಾಗಾಗಿ ಡಿವಾಲ್ಸ್ ಬ್ಲಫ್ ತೀರ್ಪಿನ ತರ್ಕಕ್ಕೆ ಇಂದು ಮೊದಲಿನ ಬಲವಿಲ್ಲ, ಅದನ್ನೊಂದನ್ನೇ ನಂಬಿಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಬೇಡಿ. ಆದರೆ ಆ ಕೋಚ್ ಗೆದ್ದದ್ದು, ಆ ಕ್ಷಣದ ಪ್ರಾರ್ಥನೆ ಆತನ ಕೆಲಸದ ಭಾಗವಲ್ಲ, ಖಾಸಗಿ ಮಾತು ಎಂಬ ನೆಲೆಯಲ್ಲಿ. ಕರ್ತವ್ಯದ ಭಾಗವಾಗಿ ಆಡಿದ ಮಾತಿಗೆ ಸರ್ಕಾರಿ ನೌಕರ ನಾಗರಿಕನ ವಾಕ್ ಸ್ವಾತಂತ್ರ್ಯವನ್ನು ಹೇಳಿಕೊಳ್ಳಲಾಗದು ಎಂದು ಇದೇ ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿದೆ. ಡಿಸ್ಟ್ರಿಕ್ಟ್‌ನ ಖಾತೆಯಿಂದ, ಪ್ರಿನ್ಸಿಪಾಲ್ ಎಂಬ ಸಹಿಯೊಂದಿಗೆ, ಬಸ್ ಡ್ಯೂಟಿಯ ಪಟ್ಟಿಯ ಮೇಲೆ ಕೂತು ಬರುವ ವಚನ ಖಾಸಗಿ ಮಾತು ಎಂದು ವಾದಿಸಲು ಒಳ್ಳೆಯ ವಕೀಲರೇ ಬೇಕಾದೀತು.

2025ರ ಜುಲೈನಲ್ಲಿ ಅಮೆರಿಕದ ಕೇಂದ್ರ ಸಿಬ್ಬಂದಿ ಆಡಳಿತ ಕಚೇರಿ ಹೊರಡಿಸಿದ ಸುತ್ತೋಲೆಯ ಪ್ರತಿಯನ್ನೂ ಕಳುಹಿಸಿ, ಮೇಲಧಿಕಾರಿಗಳು ಕಿರುಕುಳವಾಗದಂತೆ ತಮ್ಮ ಧರ್ಮದ ಬಗ್ಗೆ ಇತರರ ಮನವೊಲಿಸಲು ಪ್ರಯತ್ನಿಸಬಹುದೆಂದು ಅದರಲ್ಲಿದೆಯಲ್ಲ ಎಂದು ಆತಂಕಪಟ್ಟಿದ್ದೀರಿ. ಆ ಸುತ್ತೋಲೆ ಫೆಡರಲ್ ಸರ್ಕಾರದ ನೌಕರರಿಗೆ ಸಂಬಂಧಿಸಿದ್ದು. ಶಾಲಾ ಡಿಸ್ಟ್ರಿಕ್ಟ್‌ನ ನೌಕರರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಸುಲಭ: ಶ್ಲೋಕ ಕಳುಹಿಸಬೇಡಿ. ‘ಕರ್ಮಣ್ಯೇವಾಧಿಕಾರಸ್ತೇ’ ಎಂದು ರಿಪ್ಲೈ ಆಲ್ ಮಾಡಿದರೆ ಆ ಬೆಳಗ್ಗೆ ನಿಮಗೆ ಸಮಾಧಾನವಾದೀತು ಎಂಬುದನ್ನು ಒಪ್ಪುತ್ತೇವೆ. ಆ ಸಾಲು ಸಂಬಳ ಕೇಳುವವರ ಬಾಯಿ ಮುಚ್ಚಿಸಲು ಎಷ್ಟು ಬಾರಿ ಬಳಕೆಯಾಗಿದೆ ಎಂಬುದೂ ನಮಗೆ ಗೊತ್ತಿರುವುದರಿಂದ ಹೋಲಿಕೆಯೂ ಪೂರ್ತಿ ಹೊಂದುತ್ತದೆ. ಆದರೆ ಹಾಗೆ ಮಾಡಿದ ಕೂಡಲೇ ವಿಷಯ ಅಧಿಕಾರದ್ದಾಗಿ ಉಳಿಯದೆ ಎರಡು ಧರ್ಮಗಳ ಪೈಪೋಟಿಯಾಗುತ್ತದೆ. ‘ಸರಿ, ಇನ್ನು ಮುಂದೆ ಒಂದು ವಾರ ಬೈಬಲ್, ಒಂದು ವಾರ ಗೀತೆ’ ಎಂದು ಪ್ರಿನ್ಸಿಪಾಲರು ಸಂತೋಷದಿಂದಲೇ ಒಪ್ಪಿಬಿಟ್ಟರೆ ಏನು ಮಾಡುತ್ತೀರಿ? ನಿಮ್ಮ ಶಾಲೆಯಲ್ಲಿ ಇಬ್ಬರು ಮುಸ್ಲಿಂ ಸಹಾಯಕಿಯರೂ, ಯಾವ ದೇವರನ್ನೂ ನಂಬದ ಗಣಿತದ ಮೇಷ್ಟ್ರೂ ಇದ್ದಾರೆಂದು ನೀವೇ ಬರೆದಿದ್ದೀರಿ.

ಮೂರನೆಯ ಪ್ರಶ್ನೆ ನಮ್ಮನ್ನು ಹೆಚ್ಚು ಹೊತ್ತು ಕೂರಿಸಿತು. ಭಾರತದ ಸಂವಿಧಾನದ 28(1)ನೆಯ ವಿಧಿ, ಸಂಪೂರ್ಣವಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. ಸಿಬ್ಬಂದಿ ಕೊಠಡಿಯ ಪೂಜೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಮತ್ತು ಆ ಮೌನದಲ್ಲಿ ಬಹಳಷ್ಟು ನಡೆದುಹೋಗುತ್ತದೆ. ಆಯುಧಪೂಜೆಯ ವಂತಿಗೆ ಪಟ್ಟಿ ಮುಖ್ಯೋಪಾಧ್ಯಾಯರ ಕೈಯಿಂದಲೇ ಬಂದಾಗ, ಬೇರೆ ಧರ್ಮದ ಸಹಶಿಕ್ಷಕಿ ‘ಪರವಾಗಿಲ್ಲ ಸರ್’ ಎಂದು ಹಣ ಕೊಟ್ಟು ಹೆಸರು ಬರೆದದ್ದನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ, ನೋಡಿಯೂ ಅದನ್ನು ಸೌಹಾರ್ದ ಎಂದು ಕರೆದಿದ್ದೇವೆ. ಇಂದು ಅಲ್ಲಿ ಕೂತು ನೀವು ಅನುಭವಿಸುತ್ತಿರುವುದು ಆ ಶಿಕ್ಷಕಿಯ ಮನಃಸ್ಥಿತಿಯೇ. ಇದರಿಂದ ನಿಮ್ಮ ಹಕ್ಕು ಕಡಿಮೆಯಾಗುವುದಿಲ್ಲ. ಒಂದೆಡೆ ನಡೆದ ತಪ್ಪು ಇನ್ನೊಂದೆಡೆಯ ತಪ್ಪಿಗೆ ರಸೀದಿಯಾಗಲಾರದು.

ಇನ್ನು ಮಾಡಬೇಕಾದದ್ದು. ಮೇಲ್‌ಗಳನ್ನು ಅಳಿಸಬೇಡಿ. ಸಭೆಯಲ್ಲಿ ಆಡಿದ ಮಾತನ್ನು ದಿನಾಂಕ, ಅಲ್ಲಿದ್ದವರ ಹೆಸರುಗಳೊಂದಿಗೆ ನಿಮ್ಮ ಸ್ವಂತ ಪುಸ್ತಕದಲ್ಲಿ ಬರೆದಿಡಿ, ಶಾಲೆಯ ಕಂಪ್ಯೂಟರ್‌ನಲ್ಲಲ್ಲ. ಹಿಂದಿನ ವರ್ಷಗಳ ಮೌಲ್ಯಮಾಪನಗಳನ್ನೂ ಜೊತೆಗಿಡಿ. ‘ಬೆರೆಯಬೇಕು’ ಎಂಬ ಸಾಲು ಸೇಡಿನದ್ದೋ ಸಾಮಾನ್ಯ ಸಲಹೆಯೋ ಎಂಬುದನ್ನು ಆ ಸಾಲೊಂದರಿಂದಲೇ ತೀರ್ಮಾನಿಸಲಾಗದು, ಹಿಂದಿನವುಗಳ ಪಕ್ಕದಲ್ಲಿಟ್ಟರೆ ಒಂದಿಷ್ಟು ತಿಳಿದೀತು. ನಿಮ್ಮಲ್ಲಿ ಶಿಕ್ಷಕರ ಸಂಘವಿದ್ದರೆ ಮೊದಲು ಅದರ ಪ್ರತಿನಿಧಿಯೊಂದಿಗೆ ಮಾತನಾಡಿ. ಅನಂತರ ಪ್ರಿನ್ಸಿಪಾಲರಿಗೋ, ನೇರ ಮಾತು ಕಷ್ಟವೆನಿಸಿದರೆ ಡಿಸ್ಟ್ರಿಕ್ಟ್‌ನ ಮಾನವ ಸಂಪನ್ಮೂಲ ಕಚೇರಿಗೋ ಲಿಖಿತವಾಗಿ ಕೇಳಿ. ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ದೂರು ಕೊಡಲು 180 ದಿನಗಳ ಗಡುವಿದೆ, ಇಂಥದ್ದೇ ಕಾನೂನನ್ನು ಜಾರಿಗೊಳಿಸುವ ರಾಜ್ಯದ ಸಂಸ್ಥೆ ಇರುವಲ್ಲಿ ಅದು 300 ದಿನ. ಈಗಲೇ ಅಲ್ಲಿಗೆ ಹೋಗಿ ಎನ್ನುತ್ತಿಲ್ಲ, ದಿನ ಎಣಿಸುವುದನ್ನು ಮರೆಯಬೇಡಿ ಎನ್ನುತ್ತಿದ್ದೇವೆ. ವಾರಕ್ಕೊಂದು ವಚನ ಬಂದದ್ದಷ್ಟೇ ಕಾನೂನಿನ ಕಣ್ಣಿನಲ್ಲಿ ಕಿರುಕುಳವೆನಿಸುವುದು ಕಷ್ಟ, ಅದು ತೀವ್ರವೋ ವ್ಯಾಪಕವೋ ಆಗಿರಬೇಕು. ಆದರೆ ಉತ್ತರಿಸದ ಕಾರಣಕ್ಕೆ ಮೌಲ್ಯಮಾಪನದಲ್ಲಿ ಪೆಟ್ಟು ಬಿದ್ದಿದೆ ಎಂದು ತೋರಿಸಲು ಸಾಧ್ಯವಾದರೆ ಸಂಗತಿ ಬೇರೆಯೇ. ದೂರಿದ್ದಕ್ಕಾಗಿ ಶಿಕ್ಷಿಸುವುದನ್ನೂ ಟೈಟಲ್ ಸೆವೆನ್ ನಿಷೇಧಿಸುತ್ತದೆ. ಒಪ್ಪಂದ ನವೀಕರಣದ ತಿಂಗಳು ಹತ್ತಿರವಾಗಿದ್ದರೆ, ನಿಮ್ಮ ರಾಜ್ಯದ ಉದ್ಯೋಗ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕಂಡು ಬರುವುದು ಲೇಸು, ಏಕೆಂದರೆ ಹೊಸ ಶಿಕ್ಷಕರ ನವೀಕರಣದ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬಹಳ ಬೇರೆಯಾಗಿವೆ.

ನೀವು ಬರೆದಿಟ್ಟಿರುವ ಮನವಿಯ ಕರಡನ್ನೂ ಓದಿದೆವು. ಮೊದಲ ಪ್ಯಾರಾ ಚೆನ್ನಾಗಿದೆ: ವಾರದ ಕೆಲಸದ ಮೇಲ್‌ನಿಂದ ವಚನವನ್ನು ಬೇರ್ಪಡಿಸಿ, ಬೇಕೆಂದವರು ಮಾತ್ರ ಹೆಸರು ಕೊಟ್ಟು ಸೇರುವಂತೆ ಮಾಡಿದರೂ ನಿಮಗೆ ಆಕ್ಷೇಪವಿಲ್ಲ ಎಂದಿದ್ದೀರಿ. ಅಲ್ಲಿ ಒಂದು ತಿದ್ದುಪಡಿ ಬೇಕು. ಆ ಪಟ್ಟಿಯನ್ನು ಪ್ರಿನ್ಸಿಪಾಲರೇ ನಡೆಸಿದರೆ ಯಾರು ಸೇರಿದರು, ಯಾರು ಸೇರಲಿಲ್ಲ ಎಂಬ ಲೆಕ್ಕ ಮತ್ತೆ ಅವರ ಮೇಜಿನ ಮೇಲೇ ಇರುತ್ತದೆ. ಆಸಕ್ತ ಸಹೋದ್ಯೋಗಿಗಳು ತಮ್ಮ ಸ್ವಂತ ಖಾತೆಗಳಿಂದ ನಡೆಸಿಕೊಳ್ಳಲಿ ಎಂದು ಬರೆಯಿರಿ. ಎರಡನೆಯ ಪ್ಯಾರಾದಲ್ಲಿ ಬೈಬಲ್‌ಗಿಂತ ಉಪನಿಷತ್ತು ಎಷ್ಟು ಪ್ರಾಚೀನವೆಂಬ ವಿವರಣೆಯಿದೆ, ಅದನ್ನು ಪೂರ್ತಿ ತೆಗೆದುಹಾಕಿ. ಮೂರನೆಯದರಲ್ಲಿ ಬಂದಿರುವ ‘ಮೊಕದ್ದಮೆ’ ಎಂಬ ಮಾತು ಈ ಹಂತಕ್ಕೆ ಬೇಡ. ಉಳಿದುದನ್ನು ಹಾಗೆಯೇ ಕಳುಹಿಸಬಹುದು, ಒಂದು ಪ್ರತಿ ನಿಮ್ಮ ಸ್ವಂತ ಈಮೇಲ್‌ಗೂ ಹೋಗಲಿ.

— ಸಂಪಾದಕ