ದುರ್ಬಲ ಪ್ರಜಾಪ್ರಭುತ್ವವನ್ನು ಸಂಸತ್ತು ಉಳಿಸಬಲ್ಲದೇ?

ಪ್ರಜಾಪ್ರಭುತ್ವ ಇನ್ನೂ ಗಟ್ಟಿಯಾಗಿ ಬೇರೂರದ ದೇಶದಲ್ಲಿ, ಅಧ್ಯಕ್ಷರೇ ಸಂವಿಧಾನ ಮೀರಿ ನಡೆದರೆ ಸಂಸತ್ತಿನಿಂದ ಏನು ಮಾಡಲು ಸಾಧ್ಯ ಎಂದು ತಾವು ಕೇಳಿದ್ದೀರಿ. ಕಾನೂನು ರಚಿಸುವುದಕ್ಕಿಂತಲೂ, ಖಜಾನೆಯ ಬೀಗದ ಕೈಯನ್ನು ಬಿಟ್ಟುಕೊಡದಿರುವುದೇ ಅಂಥ ಹೊತ್ತಿನಲ್ಲಿ ಅದರ ದೊಡ್ಡ ಕೆಲಸ ಎಂದು ನಾನು ನಂಬಿದ್ದೇನೆ. ಈ ನಂಬಿಕೆ ಬಲವಾದದ್ದು ಶ್ರೀಲಂಕಾದ 2018ರ ಬಿಕ್ಕಟ್ಟಿನಿಂದ.

ಆ ವರ್ಷ ಅಕ್ಟೋಬರ್ 26ರಂದು ಅಧ್ಯಕ್ಷ ಮೈತ್ರಿಪಾಲ ಸಿರಿಸೇನ ಅವರು ಪ್ರಧಾನಿ ರನಿಲ್ ವಿಕ್ರಮಸಿಂಘೆ ಅವರನ್ನು ವಜಾ ಮಾಡಿ, ಆ ಸ್ಥಾನಕ್ಕೆ ಮಹಿಂದ ರಾಜಪಕ್ಸ ಅವರನ್ನು ತಂದರು. 225 ಸದಸ್ಯರ ಸದನದಲ್ಲಿ ಹೊಸಬರಿಗೆ ಬಹುಮತ ಕೂಡಿಬರಲಿಲ್ಲ. ನವೆಂಬರ್ 9ರಂದು ಸಂಸತ್ತೇ ವಿಸರ್ಜನೆಯಾಯಿತು. 13ರಂದು ಸುಪ್ರೀಂ ಕೋರ್ಟ್ ಅದಕ್ಕೆ ತಡೆಯಾಜ್ಞೆ ನೀಡಿತು, ಮರುದಿನವೇ ಸದನ ಸೇರಿ ಅವಿಶ್ವಾಸ ಸೂಚಿಸಿತು.

16ರಂದು ನಡೆದದ್ದನ್ನು ಮರೆಯಲಾಗದು. ರಾಜಪಕ್ಸ ಪರ ಸದಸ್ಯರು ಪೀಠವನ್ನು ಆಕ್ರಮಿಸಿಕೊಂಡು ಖಾರದ ಪುಡಿ ಎರಚುತ್ತಿದ್ದಾಗ, ಸ್ಪೀಕರ್ ಕರು ಜಯಸೂರ್ಯ ಅವರು ಪೊಲೀಸರ ಕಾವಲಿನಲ್ಲಿ ಒಳಬಂದು, ಬೇರೊಂದು ಸಾಧಾರಣ ಕುರ್ಚಿಯಲ್ಲಿ ಕುಳಿತು, ನಿರ್ಣಯವನ್ನು ಮತ್ತೆ ಧ್ವನಿಮತಕ್ಕೆ ಹಾಕಿದರು. ಆದರೂ ರಾಜಪಕ್ಸ ಅವರು ಹುದ್ದೆ ಬಿಡಲಿಲ್ಲ. ಆಗ, ಸಾರ್ವಜನಿಕ ಹಣಕಾಸಿನ ಮೇಲೆ ಸಂಸತ್ತಿಗೇ ಪೂರ್ಣ ಹತೋಟಿ ಇದೆ ಎನ್ನುವ ಸಂವಿಧಾನದ 148ನೇ ವಿಧಿ ನೆರವಿಗೆ ಬಂತು: ಪ್ರಧಾನಿ ಕಚೇರಿಯ ಖರ್ಚಿಗೆ ಹಣ ತಡೆಯುವ ನಿರ್ಣಯ ನವೆಂಬರ್ 29ರಂದು 123 ಮತಗಳಿಂದ, ಒಂದೂ ವಿರೋಧ ಮತವಿಲ್ಲದೆ, ಅಂಗೀಕಾರವಾಯಿತು. ಡಿಸೆಂಬರ್ 13ರಂದು ಏಳು ನ್ಯಾಯಮೂರ್ತಿಗಳ ಪೀಠವು ವಿಸರ್ಜನೆ ಸಂವಿಧಾನಬಾಹಿರವೆಂದು ಒಮ್ಮತದಿಂದ ತೀರ್ಪಿತ್ತಿತು. 16ರಂದು ವಿಕ್ರಮಸಿಂಘೆ ಮತ್ತೆ ಪ್ರಮಾಣವಚನ ಸ್ವೀಕರಿಸಿದರು.

ಇದರಲ್ಲಿ ನ್ಯಾಯಾಲಯದ ಪಾಲು ದೊಡ್ಡದು, ಅದನ್ನು ಅಲ್ಲಗಳೆಯಲಾರೆ. ಆದರೆ ಆ ತೀರ್ಪಿಗೆ ಆಧಾರ ಒದಗಿಸಿದ್ದೂ ಸಂಸತ್ತೇ. ನಾಲ್ಕೂವರೆ ವರ್ಷ ತುಂಬುವ ಮುನ್ನ, ಮೂರನೇ ಎರಡರಷ್ಟು ಸದಸ್ಯರು ಕೋರದ ಹೊರತು, ಸದನವನ್ನು ವಿಸರ್ಜಿಸಕೂಡದೆಂಬ ನಿಯಮವನ್ನು ಅದು 2015ರ 19ನೇ ತಿದ್ದುಪಡಿಯಲ್ಲಿ ಮೊದಲೇ ಬರೆದಿಟ್ಟಿತ್ತು.

ನನಗೆ ನೋವಾಗುವುದು ಮುಂದಿನ ಕಥೆಯಿಂದ. 2020ರ ಚುನಾವಣೆಯಲ್ಲಿ ಆಯ್ಕೆಯಾದ ಹೊಸ ಸಂಸತ್ತು ಅದೇ ಅಕ್ಟೋಬರಿನಲ್ಲಿ 20ನೇ ತಿದ್ದುಪಡಿಯನ್ನು 156 ಮತಗಳಿಂದ ಅಂಗೀಕರಿಸಿ, ಆ ನಾಲ್ಕೂವರೆ ವರ್ಷದ ರಕ್ಷಣೆಯನ್ನು ಎರಡೂವರೆ ವರ್ಷಕ್ಕೆ ಇಳಿಸಿತು. ಯಾರೂ ಖಾರದ ಪುಡಿ ಎರಚಲಿಲ್ಲ. ಸದಸ್ಯರೇ ಕೈಯೆತ್ತಿ ತಮ್ಮ ಬಲವನ್ನು ಅಧ್ಯಕ್ಷರಿಗೆ ಒಪ್ಪಿಸಿಕೊಟ್ಟರು.